ಕಂಬಳಿಗೆ ಎಷ್ಟು ಹೊನ್ನು?

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ, ರಿಲೀಸು, ಮತ್ತೆ ಸ್ವಲ್ಪ ಸೋಮಾರಿತನ... ಕಾರಣಗಳೇನೂ ಹೊಸವಲ್ಲ ಬಿಡಿ. ಇವತ್ತು ಕೀಲಿ ಕುಟ್ಟೋಕೆ ಕೂತಿದ್ದು ಒಂದು ತಪ್ಪೊಪ್ಪಿಗೆಗೆ, ಜೊತೆಗೊಂದು ವಾದಕ್ಕೆ. ಪ್ರಪಂಚದಲ್ಲಿ ಇಲ್ಲದ ವಸ್ತುವಿಗೆ, ಪ್ರಪಂಚದಲ್ಲಿ ಇಲ್ಲದ ದುಡ್ಡಲ್ಲಿ ಬೆಲೆ ಕಟ್ಟೋದು ಹೇಗೆ ಅನ್ನೋದು ವಿಷಯ. ನಗಬೇಡಿ. ಈ ವಿಷಯಕ್ಕೆ ಒಬ್ಬ ಗೆಳೆಯ ಎರಡು ತಿಂಗಳು ನನ್ನ ಮನೆ ಕಡೆ ಬರಲಿಲ್ಲ.

ಗೊತ್ತಿಲ್ಲದವರಿಗೆ ಮೊದಲು ಎರಡು ಸಾಲು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಒಂದು ಆಟ. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಶುರು ಮಾಡಿದ್ದು. ಕಂಪ್ಯೂಟರ್ ಬೇಡ, ಟೇಬಲ್ ಸುತ್ತ ನಾಲ್ಕೈದು ಜನ ಕೂತು ಮಾತಲ್ಲೇ ಆಡೋದು. ಒಬ್ಬೊಬ್ಬರು ಒಂದೊಂದು ಪಾತ್ರ. ಒಬ್ಬ ಮಾತ್ರ ಉಳಿದ ಪ್ರಪಂಚವೆಲ್ಲ ತಾನೇ ಆಗಿರ್ತಾನೆ: ರಾಕ್ಷಸ, ರಾಜ, ಅಂಗಡಿಯವನು, ಮಳೆ, ಎಲ್ಲ. ಅವನಿಗೆ ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ ಅಂತಾರೆ. ನಮ್ಮ ಗುಂಪಿನಲ್ಲಿ ಆ ಪಾಪಿ ನಾನು. ಪಾತ್ರಗಳು ಗುಹೆಗೆ ನುಗ್ಗಿ, ಚಿನ್ನದ ನಾಣ್ಯ ತಂದು (ನಾವು ಹೊನ್ನು ಅಂತೀವಿ), ಊರಲ್ಲಿ ಕತ್ತಿ, ಕವಚ, ಮಾಯದ ಉಂಗುರ ಕೊಳ್ಳುತ್ತವೆ. ಆಟದ ಅರ್ಧ ಖುಷಿ ಆ ಶಾಪಿಂಗಲ್ಲೇ ಇದೆ ಅಂದ್ರೂ ತಪ್ಪಿಲ್ಲ.

ನಾವು ಆಡೋದು ಹಳೇ ೩.೫ ಆವೃತ್ತಿ, ೨೦೦೩ರದ್ದು. ಕಾಲೇಜಿನಲ್ಲಿ ಅದರ ನಿಯಮಗಳು ಪುಕ್ಕಟೆಯಾಗಿ ಸಿಗ್ತಿದ್ವು, ಹೊಸ ಪುಸ್ತಕ ಕೊಳ್ಳೋಕೆ ದುಡ್ಡಿರಲಿಲ್ಲ. ಈಗ ದುಡ್ಡಿದ್ರೂ ಅಭ್ಯಾಸ ಬಿಡ್ತಿಲ್ಲ.

ಕಳೆದ ವರ್ಷ ನಮ್ಮ ಗುಂಪಿನಲ್ಲಿ ಒಬ್ಬ, ಮಾತು ಕಡಿಮೆ ಇರೋನು, ಒಂದು ಭಾನುವಾರ ಮೆಲ್ಲಗೆ ಕೇಳಿದ: "ನನಗೊಂದು ಕಂಬಳಿ ಬೇಕು." ಅವನು ಚಳ್ಳಕೆರೆ ಕಡೆಯವನು, ಕಂಬಳಿ ಅಂದ್ರೆ ಅವನಿಗೆ ಏನೋ ಮಮತೆ. ಮಾಮೂಲಿ ಕಂಬಳಿ ಅಲ್ಲ. ಕಾಡಿನಲ್ಲಿ ಹಾಸಿಕೊಂಡು ಮಲಗಿದ್ರೆ ಸುತ್ತ ಇಪ್ಪತ್ತು ಅಡಿ ಒಳಗೆ ಯಾರಾದ್ರೂ ಕಾಲಿಟ್ಟ ತಕ್ಷಣ ಎಚ್ಚರ ಆಗ್ಬೇಕು. ಯಾರೂ ಕಾವಲು ಕೂರೋದು ಬೇಡ, ಎಲ್ಲರೂ ಮಲಗಬಹುದು. ಪುಸ್ತಕದಲ್ಲಿ ಇಂಥ ವಸ್ತು ಇಲ್ಲ. ಆದ್ರೆ ಮೊದಲ ಮಟ್ಟದ ಒಂದು ಮಂತ್ರ ಇದೆ, ಅಲಾರ್ಮ್ ಅಂತಲೇ ಹೆಸರು. ನಮ್ಮ ಗುಂಪಿನಲ್ಲಿ ಆ ಮಂತ್ರ ಬಲ್ಲವರು ಯಾರೂ ಇರಲಿಲ್ಲ.

ನಾನು ಇಂಜಿನಿಯರು ಅಲ್ವಾ, ಫಾರ್ಮುಲಾ ಇದೆ ಅಂದ್ರೆ ಬಾಯಲ್ಲಿ ನೀರು. ೨೦೦೦ದಲ್ಲಿ ಬಂದ ಮೂರನೇ ಆವೃತ್ತಿಯಿಂದ ಡಿಎಂ ಪುಸ್ತಕದಲ್ಲಿ ಹೊಸ ಮಾಯದ ವಸ್ತುಗಳಿಗೆ ಬೆಲೆ ಕಟ್ಟೋ ಒಂದು ಪಟ್ಟಿ ಇದೆ. ಮಂತ್ರದ ಮಟ್ಟ ಗುಣಿಸು ಮಾಂತ್ರಿಕನ ಮಟ್ಟ ಗುಣಿಸು ಒಂದು ಸಂಖ್ಯೆ. ಒಮ್ಮೆ ಓದಿ ಮುಗಿಯೋ ಸುರುಳಿಯಾದ್ರೆ ೨೫, ಐವತ್ತು ಸಲ ಉಪಯೋಗಿಸೋ ದಂಡವಾದ್ರೆ ೭೫೦, ಮಾತು ಹೇಳಿದಾಗ ಕೆಲಸ ಮಾಡೋ ವಸ್ತುವಾದ್ರೆ ೧,೮೦೦, ತಾನಾಗೇ ನಡೀತಾ ಇರೋದಾದ್ರೆ ೨,೦೦೦. ದಿನಕ್ಕೊಂದೇ ಸಲ ಅಂದ್ರೆ ಐದರಿಂದ ಭಾಗಿಸು. ಅಲಾರ್ಮ್ ಮಂತ್ರ ಮಾಂತ್ರಿಕನ ಒಂದು ಮಟ್ಟಕ್ಕೆ ಎರಡು ಗಂಟೆ ಇರುತ್ತೆ. ಎಂಟು ಗಂಟೆ ನಿದ್ದೆಗೆ ನಾಲ್ಕನೇ ಮಟ್ಟದ ಮಾಂತ್ರಿಕ ಬೇಕು. ಒಂದು ಗುಣಿಸು ನಾಲ್ಕು ಗುಣಿಸು ೧,೮೦೦, ಭಾಗಿಸು ಐದು. ೧,೪೪೦ ಹೊನ್ನು. ಅಲ್ಲೇ ಹೇಳಿಬಿಟ್ಟೆ. ಅವನು ತನ್ನ ಹಾಳೆಯ ಮೂಲೆಯಲ್ಲಿ "ಕಂಬಳಿ ೧,೪೪೦" ಅಂತ ಬರೆದು ಸುತ್ತ ಒಂದು ಚೌಕ ಹಾಕಿಕೊಂಡ.

ಮುಂದಿನ ಕಥೆಗೆ ಆಮೇಲೆ ಬರ್ತೀನಿ. ಮೊದಲು ಈ ಫಾರ್ಮುಲಾಗೆ ಸ್ವಲ್ಪ ಬೈಬೇಕು.

ಟ್ರೂ ಸ್ಟ್ರೈಕ್ ಅಂತ ಇನ್ನೊಂದು ಮೊದಲ ಮಟ್ಟದ ಮಂತ್ರ ಇದೆ. ಮುಂದಿನ ಒಂದೇ ಒಂದು ಏಟಿಗೆ ಗುರಿಯಲ್ಲಿ ಇಪ್ಪತ್ತು ಹೆಚ್ಚು ಸಿಗುತ್ತೆ. ಅಂದ್ರೆ ಹೆಚ್ಚುಕಮ್ಮಿ ತಪ್ಪೋದೇ ಇಲ್ಲ. ಇದನ್ನೇ ಒಂದು ಕೈಗವಸಿಗೆ ಕಾಯಂ ಆಗಿ ಹಾಕಿಸಿದ್ರೆ? ಫಾರ್ಮುಲಾ ಪ್ರಕಾರ ೨,೦೦೦ ಹೊನ್ನು. ಸ್ವಲ್ಪ ಹೊತ್ತು ಮಾತ್ರ ಇರೋ ಮಂತ್ರಗಳನ್ನ ಕಾಯಂ ಮಾಡಿದ್ರೆ ನಾಲ್ಕು ಪಟ್ಟು ಅನ್ನೋ ನಿಯಮ ಇದೆ, ಅದನ್ನ ಸೇರಿಸಿದ್ರೂ ೮,೦೦೦. ಅದೇ ಪಟ್ಟಿಯಲ್ಲಿ ಕತ್ತಿಯ ಬೆಲೆ ಅದರ ಗುಣದ ವರ್ಗ ಗುಣಿಸು ೨,೦೦೦. ಇಪ್ಪತ್ತರ ವರ್ಗ ನಾನೂರು, ಅಂದ್ರೆ ೮,೦೦,೦೦೦ ಹೊನ್ನು. ಪುಸ್ತಕ ಅಷ್ಟು ದೊಡ್ಡ ಕತ್ತಿ ಮಾರೋದೇ ಇಲ್ಲ ಅನ್ನಿ, ಕತ್ತಿಯಾದ್ರೆ ಏಟಿನ ಜೋರೂ ಜಾಸ್ತಿ ಆಗುತ್ತೆ ಅನ್ನಿ. ಆದ್ರೂ ಎಂಟು ಲಕ್ಷಕ್ಕೂ ಎಂಟು ಸಾವಿರಕ್ಕೂ ನಡುವೆ ಇಂಥ ಕಂದಕವಾ!

ಗಾಯ ವಾಸಿ ಮಾಡೋ ಚಿಕ್ಕ ಮಂತ್ರದ ಕಥೆ ಇನ್ನೂ ಮಜಾ. ಐವತ್ತು ಸಲದ ದಂಡಕ್ಕೆ ೭೫೦ ಹೊನ್ನು. ಆರು ಸೆಕೆಂಡಿಗೊಮ್ಮೆ ನಿರಂತರವಾಗಿ ವಾಸಿ ಮಾಡೋ ಉಂಗುರಕ್ಕೆ ೨,೦೦೦. ಇಡೀ ದಂಡದ ಕೆಲಸವನ್ನ ಉಂಗುರ ಐದು ನಿಮಿಷದಲ್ಲಿ ಮುಗಿಸುತ್ತೆ. ಆಮೇಲೆ ಸಾಯೋತನಕ ಪುಕ್ಕಟೆ (ಸಾಯೋದೇ ಕಷ್ಟ ಬಿಡಿ).

ಮಾಯದ ತನಕ ಯಾಕೆ ಹೋಗ್ಬೇಕು? ಅದೇ ಆವೃತ್ತಿಯ ಮಾಮೂಲಿ ಸಾಮಾನಿನ ಪಟ್ಟಿಯಲ್ಲಿ ಹತ್ತಡಿ ಏಣಿಗೆ ಐದು ತಾಮ್ರದ ಕಾಸು. ಹತ್ತಡಿ ಕೋಲಿಗೆ ಎರಡು ಬೆಳ್ಳಿ, ಅಂದ್ರೆ ಇಪ್ಪತ್ತು ತಾಮ್ರ. ಏಣಿ ಕೊಂಡು ಮೆಟ್ಟಿಲು ಕಿತ್ತುಹಾಕಿ ಎರಡು ಕೋಲು ಮಾರಿದ್ರೆ ಹಾಕಿದ ದುಡ್ಡಿನ ಎಂಟು ಪಟ್ಟು ವಾಪಸ್ಸು :-) ಇದನ್ನ ಕಂಡುಹಿಡಿಯದ ಇಂಜಿನಿಯರಿಂಗ್ ಹಾಸ್ಟೆಲ್ ಇರಲಿಕ್ಕಿಲ್ಲ.

ನ್ಯಾಯವಾಗಿ ಹೇಳ್ಬೇಕು ಅಂದ್ರೆ ಪುಸ್ತಕ ಬರೆದವರು ದಡ್ಡರಲ್ಲ. ಈ ಸೂತ್ರಗಳು ಬರೀ ಶುರು ಮಾಡೋ ಜಾಗ, ವಸ್ತುವಿನ ನಿಜವಾದ ಯೋಗ್ಯತೆ ನೋಡಿ ಬೆಲೆ ತಿದ್ದಿ ಅಂತ ಅಲ್ಲೇ ಹೇಳಿದ್ದಾರೆ. ಆದ್ರೆ ಪಟ್ಟಿ ನೋಡೋರು ಯಾರೂ ಪಟ್ಟಿಯ ಪಕ್ಕದ ಪ್ಯಾರಾ ಓದಲ್ಲ. ನಮ್ಮ ಎಪಿಐ ಡಾಕ್ಯುಮೆಂಟಿನ ಗತಿಯೂ ಅದೇ ತಾನೆ.

ಫಾರ್ಮುಲಾದ ಮೂಲ ತಪ್ಪು ಏನು ಅಂದ್ರೆ, ಅದು ವಸ್ತುವಿನ ಒಳಗೆ ಏನು ಹಾಕಿದ್ದಾರೆ ಅಂತ ನೋಡುತ್ತೆ, ಆ ವಸ್ತು ಏನನ್ನ ಇಲ್ಲವಾಗಿಸುತ್ತೆ ಅಂತ ನೋಡಲ್ಲ. ಕತ್ತಿ, ಕವಚ ಇಂಥವಕ್ಕೆ ಇದು ದೊಡ್ಡ ತೊಂದರೆ ಅಲ್ಲ, ಒಂದಕ್ಕೊಂದು ಹೋಲಿಸಬಹುದು. ವಿಚಿತ್ರ ವಸ್ತುಗಳು ಬಂದಾಗಲೇ ಪೀಕಲಾಟ.

ನನಗೆ ತುಂಬಾ ಇಷ್ಟದ ಉದಾಹರಣೆ, ಬತ್ತದ ನೀರಿನ ಹೂಜಿ. ಪುಸ್ತಕದಲ್ಲೇ ಇದೆ, ೯,೦೦೦ ಹೊನ್ನು. ಬಿರಡೆ ತೆಗೆದು ಮಾತು ಹೇಳಿದ್ರೆ ನೀರು ಬರುತ್ತೆ, ಸಿಹಿನೀರೋ ಉಪ್ಪುನೀರೋ ನೀವೇ ಆರಿಸಿಕೊಳ್ಳಬಹುದು. ಮೂರು ವೇಗ. ಜೋರಾದ ವೇಗದಲ್ಲಿ ಒಂದು ಸುತ್ತಿಗೆ, ಅಂದ್ರೆ ಆರು ಸೆಕೆಂಡಿಗೆ, ಮೂವತ್ತು ಗ್ಯಾಲನ್. ಅಮೆರಿಕದ ಗ್ಯಾಲನ್ ಲೆಕ್ಕದಲ್ಲಿ ಸುಮಾರು ೧೧೩ ಲೀಟರ್. ಸಾಹಸ ಅಂದ್ರೆ ಡ್ರ್ಯಾಗನ್ ಅಂತ ನಂಬಿರೋ ಹುಡುಗರು ಇದನ್ನ ನೋಡಿ "ನೀರಾ?" ಅಂತ ಮೂಗು ಮುರೀತಾರೆ. ನಾನು ಬೆಂಗಳೂರಲ್ಲಿ ಬಾಡಿಗೆ ಮನೆಯಲ್ಲಿ ಇರೋನು, ನನಗೆ ಹಾಗೆ ಅನ್ಸಲಿಲ್ಲ. ದಿನಕ್ಕೆ ಹದಿನಾರು ಲಕ್ಷ ಲೀಟರಿಗೂ ಜಾಸ್ತಿ ಆಯ್ತು! ನಗರದಲ್ಲಿ ತಲೆಗೆ ೧೩೫ ಲೀಟರ್ ಅನ್ನೋ ಸರ್ಕಾರಿ ಅಳತೆ ಹಿಡಿದ್ರೆ ಹನ್ನೆರಡು ಸಾವಿರ ಜನಕ್ಕೆ ಸಾಕು. ೨೦೨೪ರ ಮಾರ್ಚಿನಲ್ಲಿ ಬೋರುಗಳು ಬತ್ತಿ, ಜಿಲ್ಲಾಡಳಿತ ಟ್ಯಾಂಕರುಗಳಿಗೆ ದರ ಕಟ್ಟಿತ್ತು ನೆನಪಿದೆಯಾ? ಐದು ಕಿಲೋಮೀಟರ್ ಒಳಗೆ ೧೨,೦೦೦ ಲೀಟರಿಗೆ ೧,೦೦೦ ರೂಪಾಯಿ. ಆ ದರದಲ್ಲೇ ಈ ಹೂಜಿ ದಿನಕ್ಕೆ ಒಂದು ಲಕ್ಷ ಮೂವತ್ತಾರು ಸಾವಿರ ರೂಪಾಯಿ ದುಡಿಯುತ್ತೆ, ಡೀಸೆಲ್ ಇಲ್ಲದೆ, ಡ್ರೈವರ್ ಇಲ್ಲದೆ.

ಈಗ ಅದೇ ಹೂಜಿಯನ್ನ ವಾಟರ್‌ಡೀಪ್‌ಗೆ ಒಯ್ಯಿರಿ. ಈ ಆಟದ ಪ್ರಸಿದ್ಧ ಬಂದರು ಪಟ್ಟಣ ಅದು, ಹೆಸರಲ್ಲೇ ನೀರು. ಅಲ್ಲಿ ಅದೊಂದು ಆಟಿಕೆ, ಹೆಚ್ಚೆಂದ್ರೆ ಹಡಗಿನವರು ಕೊಂಡಾರು. ೧೯೯೧ರಲ್ಲಿ ಬಂದ ಡಾರ್ಕ್ ಸನ್ ಅನ್ನೋ ಪ್ರಪಂಚಕ್ಕೆ ಒಯ್ಯಿರಿ. ಆಥಸ್ ಅಂತ ಒಂದು ಮರುಭೂಮಿ ಗ್ರಹ, ನೀರಿಗಾಗಿ ಕೊಲೆ ನಡೆಯೋ ಜಾಗ. ಅಲ್ಲಿ ಈ ಹೂಜಿ ಇಟ್ಟುಕೊಂಡವನೇ ರಾಜ, ಅಥವಾ ನಾಳೆ ಬೆಳಿಗ್ಗೆ ಹೆಣ. ಎರಡೂ ಕಡೆ ೯,೦೦೦ ಅಂದ್ರೆ ಆ ಸಂಖ್ಯೆಗೆ ಅರ್ಥ ಏನು?

ಇದರ ಉಲ್ಟಾ ಕಟ್ಟಡ ಕಟ್ಟೋ ವೀಣೆ (ಲೈರ್ ಅಂತಾರೆ, ವೀಣೆ ಅಂದ್ರೆ ಸಂಗೀತದವರು ಬೈಬಹುದು). ೧೩,೦೦೦ ಹೊನ್ನು. ವಾರಕ್ಕೊಮ್ಮೆ ಅರ್ಧ ಗಂಟೆ ನುಡಿಸಿದ್ರೆ ನೂರು ಜನ ಮೂರು ದಿನ ಮಾಡೋ ಕಟ್ಟಡದ ಕೆಲಸ ಆಗುತ್ತೆ. ಅದೇ ಪುಸ್ತಕಗಳ ಪ್ರಕಾರ ಕೂಲಿಯವನಿಗೆ ದಿನಕ್ಕೆ ಒಂದು ಬೆಳ್ಳಿ. ಮುನ್ನೂರು ಆಳಿನ ದಿನ ಅಂದ್ರೆ ಮೂವತ್ತು ಹೊನ್ನು. ವಾರಕ್ಕೆ ಅರ್ಧ ಗಂಟೆಯಂತೆ ನುಡಿಸಿದ್ರೆ ಅಸಲು ಹುಟ್ಟೋಕೇ ಎಂಟು ವರ್ಷ ಬೇಕು. ಶಾಂತಿ ಕಾಲದ ರಾಜನಿಗೆ ಶುದ್ಧ ದಂಡ. ನಾಳೆ ಶತ್ರುಸೈನ್ಯ ಬರುತ್ತೆ, ಇವತ್ತು ರಾತ್ರಿ ಗೋಡೆಯ ತೂತು ಮುಚ್ಚಬೇಕು ಅನ್ನೋ ರಾಜ ಮಾತ್ರ ಅರಮನೆ ಅಡವಿಟ್ಟಾದ್ರೂ ಕೊಳ್ತಾನೆ.

ಹೊಸ ಆವೃತ್ತಿಯವರು ಈ ತಲೆನೋವೇ ಬೇಡ ಅಂತ ಬೇರೆ ದಾರಿ ಹಿಡಿದರು. ೨೦೧೪ರ ಐದನೇ ಆವೃತ್ತಿಯಲ್ಲಿ ಬೆಲೆ ನಿರ್ಧಾರ ಆಗೋದು ವಸ್ತು ಎಷ್ಟು ಅಪರೂಪ ಅನ್ನೋದರ ಮೇಲೆ. ಸ್ವಲ್ಪ ಅಪರೂಪದ್ದಕ್ಕೆ ೧೦೧ರಿಂದ ೫೦೦ ಹೊನ್ನು, ಇನ್ನೂ ಅಪರೂಪದ್ದಕ್ಕೆ ೫,೦೦೦ದವರೆಗೆ, ಹೀಗೆ. ೨೦೨೪ರ ಪುಸ್ತಕ ಅದನ್ನೇ ಒಂದೊಂದು ಸಂಖ್ಯೆಗೆ ಇಳಿಸಿತು: ೧೦೦, ೪೦೦, ೪,೦೦೦, ೪೦,೦೦೦, ೨,೦೦,೦೦೦. ಚೊಕ್ಕಟ! ಆದ್ರೆ ಹಾರೋ ಪೊರಕೆ ಇರೋದು ೪೦೦ರ ಸಾಲಿನಲ್ಲಿ. ಮಾಯ ಮಂತ್ರ ಏನೂ ಇಲ್ಲದ ಮಾಮೂಲಿ ಪೂರ್ತಿ ಉಕ್ಕಿನ ಕವಚಕ್ಕೆ ೧,೫೦೦. ಒಂದು ಕವಚದ ದುಡ್ಡಿಗೆ ಮೂರು ಪೊರಕೆ ಬಂದು ಇನ್ನೂ ಚಿಲ್ಲರೆ ಉಳಿಯುತ್ತೆ. ಮೇಲೆ ಹಾರೋನಿಗೆ ಕೆಳಗಿನವರ ಕತ್ತಿ ತಾಗೋದೇ ಇಲ್ಲ, ಕಂದಕ ಇಲ್ಲ, ಕೋಟೆ ಗೋಡೆ ಇಲ್ಲ. ಅಪರೂಪ ಅನ್ನೋದು ಎಷ್ಟು ಇದೆ ಅಂತ ಹೇಳುತ್ತೆ, ಏನು ಮಾಡುತ್ತೆ ಅಂತ ಹೇಳಲ್ಲ. ನನ್ನ ಹತ್ರ ನಮ್ಮಜ್ಜನ ಕೈಬರಹದ ಮಗ್ಗಿ ಪುಸ್ತಕ ಇದೆ, ಪ್ರಪಂಚದಲ್ಲಿ ಒಂದೇ ಪ್ರತಿ. ಯಾರಾದ್ರೂ ಎರಡು ಲಕ್ಷ ಕೊಡ್ತೀರಾ?

ಇನ್ನು ಕೆಲವರು, ಅಂಗಡಿಯೇ ಬೇಡ, ಮಾಯದ ವಸ್ತು ಮಾರಾಟಕ್ಕಲ್ಲ ಅಂತಾರೆ. ೧೯೭೯ರಲ್ಲಿ ಗೈಗ್ಯಾಕ್ಸ್ ಬರೆದ ಡಿಎಂ ಪುಸ್ತಕದಲ್ಲಿ ಒಂದೊಂದು ವಸ್ತುವಿಗೂ ಮಾರಾಟದ ಬೆಲೆ ಇತ್ತು, ೧೯೮೯ರ ಎರಡನೇ ಆವೃತ್ತಿಯಲ್ಲಿ ಅದನ್ನ ಕೈಬಿಟ್ಟರು. ಕೇಳೋಕೆ ಚೆನ್ನಾಗಿದೆ. ಆದ್ರೆ ಬೆಲೆ ಎಲ್ಲಿಗೂ ಹೋಗಲ್ಲ ಕಣ್ರೀ. ಹೊನ್ನಿನ ಬದಲು "ಆ ಗುಡ್ಡದ ಮಾಟಗಾತಿಗೆ ಮೂರು ಕೆಲಸ ಮಾಡಿಕೊಡಿ" ಅಂತ ಆಗುತ್ತೆ. ಮೂರು ಭಾನುವಾರ ಅದಕ್ಕೆ ಖರ್ಚು. ಅದೂ ಬೆಲೆಯೇ, ಹೊನ್ನಿಗಿಂತ ದುಬಾರಿ ಬೆಲೆ.

ನನ್ನ ಪ್ರಕಾರ ವಿಚಿತ್ರ ವಸ್ತುವಿಗೆ ಬೆಲೆ ಕಟ್ಟೋ ಮುಂಚೆ ಕೇಳಬೇಕಾದ್ದು ಇದು: ಈ ವಸ್ತು ಬಂದ ಮೇಲೆ ಈ ಟೇಬಲ್ಲಿನಿಂದ ಯಾವ ಕಷ್ಟ ಎದ್ದು ಹೋಗುತ್ತೆ? ಆ ಕಷ್ಟ ಯಾರಿಗೆ ಖುಷಿ ಕೊಡ್ತಿತ್ತು, ಯಾರಿಗೆ ಹಿಂಸೆ ಆಗಿತ್ತು? ಬೀಗ ತೆಗೆಯೋ ಮಾಯದ ಕೀಲಿ ಕೊಟ್ರೆ ಬೀಗ ತೆಗೆಯೋದೇ ಕಸುಬಾದ ಕಳ್ಳನ ಪಾತ್ರದವನು ಕೈಕಟ್ಟಿ ಕೂರ್ತಾನೆ. ಆ ಕೀಲಿ ಎಷ್ಟು ದುಬಾರಿಯಾದ್ರೂ ಸಾಲದು. ಅದೇ ಗುಂಪಿನಲ್ಲಿ ಕಳ್ಳನೇ ಇಲ್ಲ, ಪ್ರತಿ ಬಾಗಿಲಿಗೂ ಅರ್ಧ ಗಂಟೆ ಹಾಳು ಅಂದ್ರೆ ಕೀಲಿ ಪುಕ್ಕಟೆ ಕೊಟ್ರೂ ಪುಣ್ಯದ ಕೆಲಸ. ಪುಸ್ತಕ ಇದನ್ನ ಹೇಳೋಕೆ ಸಾಧ್ಯವೇ ಇಲ್ಲ, ಪುಸ್ತಕಕ್ಕೆ ನಿಮ್ಮ ಗೆಳೆಯರು ಗೊತ್ತಿಲ್ಲ.

ಈಗ ತಪ್ಪೊಪ್ಪಿಗೆ.

ಬೆಲೆ ಹೇಳಿದ ಮೇಲೆ ಗೆಳೆಯ ಉಳಿತಾಯ ಶುರು ಮಾಡಿದ. ಬೇರೆಯವರು ಕತ್ತಿ, ಬಿಲ್ಲು ಕೊಂಡರು, ಇವನು ಏನೂ ಕೊಳ್ಳಲಿಲ್ಲ. ಹರಿದ ಕವಚದಲ್ಲೇ ನಾಲ್ಕು ತಿಂಗಳು ಆಡಿದ. ಒಂದು ಸಲ ಸಾಯೋ ಹಾಗಾದ್ರೂ ಮದ್ದಿನ ಸೀಸೆಗೆ ಖರ್ಚು ಮಾಡಲಿಲ್ಲ. ಈ ಕಡೆ ನನಗೆ ನಿಧಾನಕ್ಕೆ ಹೊಳೀತು, ರಾತ್ರಿ ಕಾವಲು ಇಲ್ಲದಿದ್ರೆ ನನ್ನ ಕಥೆಯ ಅರ್ಧ ಭಾಗ ಹೋಯ್ತು ಅಂತ. ನಡುರಾತ್ರಿ ದಾಳಿ, ಬೆಂಕಿ ಪಕ್ಕ ಇಬ್ಬರು ಕೂತು ಮಾತಾಡೋದು, ಕತ್ತಲಲ್ಲಿ ಎರಡು ಕಣ್ಣು... ಎಲ್ಲಾ ನಡೆಯೋದು ಕಾವಲಿನ ಹೊತ್ತಲ್ಲೇ. ಅವನ ಹಾಳೆಯಲ್ಲಿ ೧,೩೯೦ ಹೊನ್ನು ಆದ ದಿನ ನಾನು ನೇಕಾರನ ದನಿಯಲ್ಲಿ ಹೇಳಿದೆ: "ಉಣ್ಣೆ ಸಿಗ್ತಿಲ್ಲ ಸ್ವಾಮಿ, ಈಗ ಆರು ಸಾವಿರ ಆಗುತ್ತೆ."

ನೋಡಿ, ತಪ್ಪು ನನ್ನ ಲೆಕ್ಕದಲ್ಲಿ, ಹಾಕಿದ್ದು ನೇಕಾರನ ತಲೆಗೆ. ಬಾಡಿಗೆ ಏರಿಸೋವಾಗ "ನಮ್ಮ ಮನೆಯವರು ಕೇಳ್ತಿಲ್ಲ" ಅಂತಾರಲ್ಲ, ಹಾಗೆ. ಅವನು ಏನೂ ಅನ್ನಲಿಲ್ಲ. ಆ ಚೌಕದ ಒಳಗಿನ ಸಂಖ್ಯೆ ರಬ್ಬರಲ್ಲಿ ಒರೆಸಿದ, ಅಷ್ಟೆ. ಮುಂದಿನ ಭಾನುವಾರ ಹುಷಾರಿಲ್ಲ ಅಂದ. ಅದರ ಮುಂದಿನ ವಾರ ಊರು. ಆಮೇಲೆ ನೆಪಗಳನ್ನೂ ಹೇಳಲಿಲ್ಲ.

ಬೇರೆ ಗೆಳೆಯನೊಬ್ಬ ಹೇಳಿದ ಮೇಲೆ ಗೊತ್ತಾಯ್ತು. ಆ ಆರೇಳು ತಿಂಗಳು ಅವನು ಆಫೀಸಿನಲ್ಲಿ ಆನ್‌ಕಾಲ್ ಮೇಲಿದ್ದ. ಟೀಮಿನಲ್ಲಿ ಇಬ್ಬರು ಬಿಟ್ಟುಹೋಗಿ ಸರದಿ ಪೂರ್ತಿ ಇವನ ತಲೆಗೆ ಬಂದಿತ್ತು. ರಾತ್ರಿ ಎರಡು ಗಂಟೆಗೆ ಫೋನು, ಮೂರೂವರೆಗೆ ಮತ್ತೆ ಫೋನು. ಭಾನುವಾರ ನನ್ನ ಮನೆಗೆ ಬಂದ್ರೆ ಅಲ್ಲೂ ನಾನು ಅವನ ಪಾತ್ರವನ್ನೇ ಕಾವಲಿಗೆ ಕೂರಿಸ್ತಿದ್ದೆ, ಅವನು ಬೇಡ ಅನ್ನಲ್ಲ ಅಂತ. ನನಗೆ "ಕಥೆಯ ಅರ್ಧ ಭಾಗ" ಆಗಿದ್ದು ಅವನಿಗೆ ಏನಾಗಿತ್ತು ಅಂತ ನಾನು ಕೇಳಲೇ ಇಲ್ಲ. ಮೇಲೆ ಅಷ್ಟು ಜೋರಾಗಿ ಬರೆದ ಪ್ರಶ್ನೆ ನನಗೆ ಹೊಳೆದಿದ್ದು ಇದಾದ ಮೇಲೆಯೇ.

ಹಾಗಾಗಿ ಇನ್ನೊಂದು ಹಟ ನನ್ನದು. ಬೆಲೆ ಕಡಿಮೆ ಹೇಳಿ ಸಿಕ್ಕಿಹಾಕಿಕೊಂಡ್ರೆ ಅನುಭವಿಸಬೇಕಾದವನು ಡಿಎಂ. ಹೊಸ ತೊಂದರೆ ಹುಟ್ಟಿಸೋದು ಅವನ ಕೆಲಸ, ಅವನಿಗೆ ರಾಕ್ಷಸರಿಗೇನೂ ಬರ ಇಲ್ಲ. ಆಟಗಾರನ ಹತ್ರ ಇರೋದು ಆ ಹಾಳೆಯ ಮೇಲಿನ ಸಂಖ್ಯೆ ಮಾತ್ರ. ನಾಲ್ಕು ತಿಂಗಳ ಭಾನುವಾರಗಳನ್ನ ಅವನು ಆ ಸಂಖ್ಯೆ ನಂಬಿ ಹಾಕಿದ್ದ. "ಆಟದ ಸಮತೋಲನ ಕೆಡುತ್ತಲ್ಲ" ಅಂತ ನಮ್ಮ ಗುಂಪಿನಲ್ಲೇ ಒಬ್ಬ ವಾದ ಮಾಡಿದ. ಕೆಡಲಿ. ಸಮತೋಲನ ಒಂದು ವಾರದಲ್ಲಿ ಸರಿ ಮಾಡಬಹುದು. ಖಾಲಿ ಕುರ್ಚಿಯನ್ನ ಸರಿ ಮಾಡೋಕೆ ನನಗೆ ಎರಡು ತಿಂಗಳು ಹಿಡೀತು.

ಇದರಲ್ಲಿ ಇನ್ನೊಂದು ನಾಚಿಕೆಗೇಡು ಇದೆ. ಅಷ್ಟೆಲ್ಲ ಲೆಕ್ಕ ಹಾಕಿದ ನಾನು ಆ ಮಂತ್ರದ ವಿವರಣೆಯನ್ನ ಪೂರ್ತಿ ಓದೇ ಇರಲಿಲ್ಲ. ಮಟ್ಟ, ಅವಧಿ ನೋಡಿ ಗುಣಾಕಾರಕ್ಕೆ ಇಳಿದಿದ್ದೆ. ಹೋದ ತಿಂಗಳು ಓದಿದೆ. ಸದ್ದಿಲ್ಲದ ಅಲಾರ್ಮ್ ಆರಿಸಿಕೊಂಡ್ರೆ ಎಚ್ಚರ ಆಗೋದು ಮಂತ್ರ ಹಾಕಿದವನಿಗೆ ಮಾತ್ರ. ತಲೆಯೊಳಗೆ ಒಂದೇ ಒಂದು "ಪಿಂಗ್" ಬರುತ್ತಂತೆ, ಪುಸ್ತಕದಲ್ಲಿರೋ ಪದವೇ ಅದು. ಅದೂ ಯಾವಾಗ? "ಟೈನಿ" ಗಾತ್ರದ್ದು ಅಥವಾ ಅದಕ್ಕಿಂತ ದೊಡ್ಡದು ಯಾವ ಜೀವಿ ಒಳಗೆ ಬಂದ್ರೂ. ಈ ಆಟದ ಲೆಕ್ಕದಲ್ಲಿ ಇಲಿ ಟೈನಿ. ಬೆಕ್ಕೂ ಟೈನಿ. ಅಂದ್ರೆ ಕಾಡಿನಲ್ಲಿ ಇಲಿ ಓಡಾಡಿದಾಗೆಲ್ಲ ಪಿಂಗ್. ನನ್ನ ಕಥೆಗೆ ಯಾವ ಅಪಾಯವೂ ಇರಲಿಲ್ಲ. ೧,೪೪೦ ಸರಿಯಾದ ಬೆಲೆಯೇ ಇತ್ತು, ನಾಲ್ಕು ಹೊನ್ನು ಕಮ್ಮಿ ಮಾಡಿದ್ರೂ ನಡೀತಿತ್ತು.

ಫೋನ್ ಮಾಡಿ, ನೇಕಾರನ ಕಥೆ ಸುಳ್ಳು, ಲೆಕ್ಕ ತಪ್ಪಿದ್ದು ನಾನು, ಕಂಬಳಿ ೧,೪೪೦ಕ್ಕೇ ಸಿಗುತ್ತೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಇಲಿ ವಿಷಯವನ್ನೂ ಮುಚ್ಚಿಡದೆ ಹೇಳಿದೆ, ಕೊಂಡ ಮೇಲೆ ಗೊತ್ತಾಗೋದು ಬೇಡ ಅಂತ. ಆಗ ಜೋರಾಗಿ ನಕ್ಕ. "ಥೂ, ಇದು ನಮ್ಮ ಆಫೀಸಿನ ಮಾನಿಟರಿಂಗ್ ಥರಾನೇ ಇದೆಯಲ್ಲೋ, ರಾತ್ರಿಯೆಲ್ಲ ಇಲಿಗಳೇ" ಅಂದ. ಬೇಡ್ವಾ ಹಾಗಾದ್ರೆ ಅಂತ ಕೇಳಿದೆ. ಬೇಕು ಅಂದ. ಗುಂಪಿನವರೆಲ್ಲ ಮಲಗ್ತಾರಲ್ಲ ಅಂದ.

ಹೋದ ಭಾನುವಾರ ಬಂದಿದ್ದ. ಐವತ್ತು ಹೊನ್ನು ಕಮ್ಮಿ ಇತ್ತು, ಉಳಿದ ಮೂವರು ಸೇರಿಸಿ ಹಾಕಿದರು. ಮೊದಲ ರಾತ್ರಿ ಒಂದು ಹಳೇ ಕಣಜದಲ್ಲಿ ಕಂಬಳಿ ಹಾಸಿದರು. ಕಣಜ ಅಂದ ಮೇಲೆ ಗೊತ್ತಲ್ಲ :-) ದಾಳ ಉರುಳಿಸದೇ ನಾನು ಮೆಲ್ಲಗೆ "ಪಿಂಗ್" ಅಂದೆ.